ಅತ್ತೆಯ ಕೈಯ ಕಾಫಿ

ನಾನು ಹುಬ್ಬಳ್ಳಿಯಲ್ಲಿ ಚಹಾ ಕುಡಿದು ಬೆಳೆದವಳು. ಎಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ರಾಜಾಜಿನಗರಕ್ಕೆ, ಕಾಫಿಯೇ ದೇವರೆನ್ನುವ ಮನೆಗೆ ಬಂದೆ. ಬಂದ ಮರುದಿನ ಬೆಳಿಗ್ಗೆ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಉಮೇದಿನಲ್ಲಿ ಎಲ್ಲರಿಗಿಂತ ಮೊದಲೇ ಎದ್ದೆ. ಹಾಲು, ನೀರು, ಸಕ್ಕರೆ, ಕಾಫಿಪುಡಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು, ಒಂದು ಚೂರು ಶುಂಠಿಯನ್ನೂ ಜಜ್ಜಿ ಹಾಕಿ ಚೆನ್ನಾಗಿ ಕುದಿಸಿದೆ. ನಮ್ಮಲ್ಲಿ ಚಹಾ ಮಾಡುವುದು ಹಾಗೆಯೇ. ಕಾಫಿಗೆ ಬೇರೆ ಶಾಸ್ತ್ರವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಮಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಮನೇಲಿ ಯಾರಿಗಮ್ಮ ಜ್ವರ?"

ಅತ್ತೆ ನಗಲಿಲ್ಲ, ಅವರ ಮುಖ ಸಪ್ಪಗಾಯಿತು. ಕಾರಣ ಆಮೇಲೆ ಅಡುಗೆಮನೆಯಲ್ಲಿ ತಿಳಿಯಿತು. ಅತ್ತೆಯ ತಂಗಿ ಕೆಂಗೇರಿಯಲ್ಲಿ ಮನೆ ಕಟ್ಟಿಸಿ ವರ್ಷಗಳೇ ಆಗಿದ್ದವು. ಬಸ್ಸು ಹತ್ತಿದರೆ ಹೋಗಿಬರಬಹುದಾದ ದೂರ. ಆದರೂ ಅತ್ತೆ ಅಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ, ಏಕೆಂದರೆ ಬೆಳಗಿನ ಕಾಫಿಯನ್ನು ಬೇರೆಯವರು ಮಾಡಿಕೊಟ್ಟರೆ ಮಾವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಸೊಸೆ ಬಂದ್ಮೇಲಾದ್ರೂ ನಾಲ್ಕು ದಿನ ಹೋಗಿರೋಣ ಅಂತಿದ್ದೆ. ನೀನು ನೋಡಿದ್ರೆ ಕಷಾಯ ಕುಡಿಸ್ಬಿಟ್ಟೆ," ಎಂದರು.

ಅಂದಿನಿಂದ ಪಾಠ ಶುರುವಾಯಿತು. ಪುಡಿಯನ್ನು ಅಂಗಡಿಯವನ ಎದುರೇ ನಿಂತು ಬೀಸಿಸಿ ತರಬೇಕು. ಹಿತ್ತಾಳೆ ಫಿಲ್ಟರನ್ನು ಮೊದಲು ಬೆಚ್ಚಗೆ ಮಾಡಿ, ತೂತುಗಳ ಮೇಲೆ ನಾಲ್ಕು ಹರಳು ಸಕ್ಕರೆ ಉದುರಿಸಿ, ಆಮೇಲೆ ಪುಡಿ. ನಾನು ಶಕ್ತಿಯೆಲ್ಲ ಹಾಕಿ ಪುಡಿಯನ್ನು ಒತ್ತಿ ಕೂರಿಸಿದ ದಿನ ಒಂದು ತೊಟ್ಟೂ ಇಳಿಯಲಿಲ್ಲ. ಅವಸರ ತಾಳದೆ ಫಿಲ್ಟರನ್ನು ಚಮಚದಿಂದ ಬಡಿದ ದಿನ ಗಸಿಯೆಲ್ಲ ಕೆಳಗೆ ಬಂತು.

"ಬಡೀಬೇಡ, ಮುಚ್ಚಳ ತೆಗೆದು ಇಣುಕ್ಬೇಡ. ಅದರ ಪಾಡಿಗೆ ಬಿಟ್ಟು ಹೂ ಕಟ್ಕೊಂಡು ಕೂತ್ಕೋ," ಎನ್ನುತ್ತಿದ್ದರು ಅತ್ತೆ. ಇಷ್ಟು ವರ್ಷ ಮಾವನನ್ನೂ ಹೀಗೆಯೇ ಸಂಭಾಳಿಸಿರಬೇಕು ಎಂದುಕೊಂಡೆ.

ಕೊನೆಗೊಂದು ದಿನ ನನ್ನ ಡಿಕಾಕ್ಷನ್ ರುಚಿ ನೋಡಿ, "ಇದು ನನ್ನದೇ ಕಣೇ!" ಎಂದು ಕುಣಿದಾಡಿದರು. ಆದರೆ ಆ ಕಾಫಿಯನ್ನು ನಾನು ಒಯ್ದು ಕೊಟ್ಟರೆ ಮಾವ ಮೂಗು ಮುರಿದರು.

"ಪರ್ವಾಗಿಲ್ಲ. ಆದ್ರೆ ಕೈಗುಣ ಅಂತ ಒಂದಿದೆ ಕಣಮ್ಮ."

ನನಗೆ ಪಿತ್ತ ನೆತ್ತಿಗೇರಿತು. ಅತ್ತೆಗೆ ಮಾತ್ರ ಒಂದು ಉಪಾಯ ಹೊಳೆಯಿತು. ಮರುದಿನ ನಾನು ಮಾಡಿದ ಕಾಫಿಯನ್ನು ಅವರೇ ಸೆರಗಿಗೆ ಕೈ ಒರೆಸಿಕೊಳ್ಳುತ್ತ ತಂದುಕೊಟ್ಟು, ಎಂದಿನಂತೆ ತಮ್ಮ ಲೋಟ ಹಿಡಿದು ಮಾವನ ಎದುರಿನ ಮಣೆಯ ಮೇಲೆ ಕೂತರು. ಮಾವ ಗುಟುಕರಿಸಿ ನನ್ನತ್ತ ತಿರುಗಿದರು. "ನೋಡು, ಇದು ಕಾಫಿ!" ಒಳಗೆ ಬಂದು ನಾವಿಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಇನ್ನೊಂದು ದಿನ ಅತ್ತೆ ಮಾಡಿದ್ದನ್ನು ನಾನು ಒಯ್ದೆ. "ಏನೋ ಕಮ್ಮಿಯಾಗಿದೆ," ಎಂದರು. ಅಲ್ಲಿಗೆ ಮಾವನ ನಾಲಿಗೆಯ ಬಂಡವಾಳ ಬಯಲಾಯಿತು.

ಆಮೇಲೆ ಇಡೀ ವಾರ ನನ್ನ ಕಾಫಿ ಅತ್ತೆಯ ಕೈಯಲ್ಲೇ ಹೋಯಿತು, ಮಾವ ದಿನವೂ ಹೊಗಳಿದರು. ಭಾನುವಾರ ಅವರು ಲೋಟ ಖಾಲಿ ಮಾಡುವುದನ್ನೇ ಕಾದಿದ್ದು, ಅತ್ತೆ ಬಾಗಿಲ ಹಿಂದಿನಿಂದ ಬ್ಯಾಗು ಎತ್ತಿಕೊಂಡರು.

"ರೀ, ವಾರದಿಂದ ನೀವು ಹೊಗಳಿದ್ದೆಲ್ಲ ಇವಳ ಕಾಫೀನ. ನಾನು ನಾಲ್ಕು ದಿನ ಕೆಂಗೇರೀಲಿ ಇದ್ದು ಬರ್ತೀನಿ."

ಮಾವ ಬಾಯಿ ತೆರೆಯುವಷ್ಟರಲ್ಲಿ ಗೇಟು ದಾಟಿಯಾಗಿತ್ತು.

ಮರುದಿನ ನಾನೇ ಲೋಟ ಒಯ್ದು, ಜಗಳಕ್ಕೆ ಸಿದ್ಧಳಾಗಿ ನಿಂತೆ. ಮಾವ ನಿಧಾನವಾಗಿ ಕೊನೆಯ ನೊರೆಯವರೆಗೂ ಕುಡಿದರು. ಎದುರಿನ ಮಣೆ ಖಾಲಿಯಿತ್ತು. ಅದನ್ನೇ ನೋಡುತ್ತ ಹೇಳಿದರು:

"ನೀವು ಅದಲುಬದಲು ಮಾಡಿದ್ದು ಮೊದಲ್ನೇ ದಿನಾನೇ ಗೊತ್ತಾಯ್ತು ಕಣಮ್ಮ. ಅವಳು ಸಕ್ಕರೆ ಒಂದು ಚೂರು ಜಾಸ್ತಿ ಹಾಕ್ತಾಳೆ."

"ಮತ್ತ ನನ್ನ ಕಾಫಿಗೆ ಯಾಕ್ರಿ ಮಾವಾ ಹಂಗ ಅಂತಿದ್ರಿ?"

"ಚೆನ್ನಾಗಿದೆ ಅಂದಿದ್ರೆ ಅವತ್ತೇ ಹೊರಟುಬಿಡ್ತಿದ್ಲಲ್ಲ."

ಲೋಟವನ್ನು ನನ್ನತ್ತ ಚಾಚಿದರು.

"ಇನ್ನೊಂಚೂರು ಕೊಡು. ಅವಳು ವಾಪಸ್ ಬಂದ ದಿನ ನಿನ್ನ ಕಾಫೀನ ಚೆನ್ನಾಗಿ ಬೈತೀನಿ. ನೀನು ಮುಖ ಊದಿಸ್ಕೋಬಾರ್ದು, ಆಯ್ತಾ?"