ತಿಗನಾರೆಯ ಪುಟ್ಟನಂಜಮ್ಮ ಆಮೆಗೂಡು ಕಾದದ್ದು

ತಿಗನಾರೆಯ ಪುಟ್ಟನಂಜಮ್ಮನ ಬಾಯಿಗೆ ಹೆದರದ ಪ್ರಾಣಿ ಈ ಕಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಹೊಲಕ್ಕೆ ನುಗ್ಗಿದ ಹಂದಿಯನ್ನು ಬೇರೆಯವರು ತಮಟೆ ಬಡಿದು ಓಡಿಸಿದರೆ, ಈಕೆ ಅದರ ಏಳು ತಲೆಮಾರನ್ನು ಎತ್ತಿ ಬೈದು ಓಡಿಸುತ್ತಾಳೆ. ಒಮ್ಮೆ ತಾಳಮಲೆ ಕಡೆಯಿಂದ ಬಂದ ಒಂಟಿಸಲಗವೊಂದು ಅಟ್ಟಣೆಯ ಮೇಲಿಂದ ಸುರಿದ ಬೈಗುಳ ತಾಳಲಾರದೆ, ಕಿತ್ತ ಕೋಸನ್ನು ಮತ್ತೆ ನೆಟ್ಟು, ಸೊಂಡಿಲಿನಿಂದ ಮಣ್ಣು ಒತ್ತಿ ಹೋಯಿತಂತೆ. ಕಣ್ಣಾರೆ ಕಂಡವರಿದ್ದಾರೆ. ವರ್ಷ ಕಳೆದಂತೆ ಅಂಥವರ ಸಂಖ್ಯೆ ಹೆಚ್ಚುತ್ತಲೇ ಇದೆ.

ಇಂಥ ವೀರಮಾತೆಯ ಮಗಳು ಮಂಗಳ. ಸಮುದ್ರದ ಕಡೆಯ ಮುರುಗನ್‌ನನ್ನು ಮದುವೆಯಾಗಿ ಬೆಟ್ಟ ಇಳಿದವಳು, ಈಗ ಗಂಡನ ಜೊತೆ ಅಲ್ಲಿನ ದಂಡೆಯಲ್ಲಿ ಕಡಲಾಮೆಯ ಗೂಡು ಕಾಯುವ ಕೆಲಸದಲ್ಲಿದ್ದಾಳೆ. ಆಮೆಗಳು ಮೊಟ್ಟೆಯಿಡುವ ಕಾಲದಲ್ಲಿ ಅವಳು ತವರಿಗೆ ಬರುವಂತಿಲ್ಲ. ಅದಕ್ಕೇ ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಪುಟ್ಟನಂಜಮ್ಮನೇ ಹೊಸ ಕಂಬಳಿ ಹೊದ್ದು ಸಮುದ್ರಕ್ಕೆ ದಯಮಾಡಿಸಿದಳು.

"ಮೊಟ್ಟೆ ಇಟ್ಬುಟ್ಟು ಅವ್ವ ಆಮೆ ಎಲ್ಲಿಗೋಯ್ತು?" ಎಂದು ಬಂದ ದಿನವೇ ವಿಚಾರಣೆ.

"ಸಮುದ್ರಕ್ಕೆ ಕಣವ್ವ. ಗುಂಡಿ ತೋಡಿ, ನೂರರ ಮೇಲೆ ಮೊಟ್ಟೆ ಇಟ್ಟು, ಮರಳು ಮುಚ್ಚಿ ಒಂಟೋಯ್ತದೆ. ತಿರುಗಿ ನೋಡಕಿಲ್ಲ."

"ಅಯ್ಯೋ ಅದರ ಮನೆ ಆಳಾಗ! ಮರಿಗಳ ಗತಿ?"

"ಮರಳಿನ ಕಾವೇ ಎಲ್ಲಾನೂ ನೋಡ್ಕತದೆ. ಕಾವು ಜಾಸ್ತಿ ಆದ್ರೆ ಎಣ್ಣು, ಕಮ್ಮಿ ಆದ್ರೆ ಗಂಡು."

"ಅಂಗಾದ್ರೆ ನೀನು ಒಲೆ ಒಳಗೇ ಉಟ್ಟಿರ್ಬೇಕು ಕಣೆ. ಆಪಾಟಿ ಉರೀತೀಯ!"

ಮಂಗಳ ಉರಿಯುವುದಕ್ಕೂ ಕಾರಣವಿತ್ತು. ದೊಡ್ಡ ಆಮೆಗಳು ಬಲೆಗೆ ಸಿಕ್ಕಿ ಉಸಿರುಗಟ್ಟಿ ಸಾಯುತ್ತವೆ. ಸಾವಿರ ಮರಿ ನೀರು ಸೇರಿದರೆ ಬೆಳೆದು ಮೊಟ್ಟೆಯಿಡುವಷ್ಟು ಬದುಕುವುದು ಒಂದೋ ಎರಡೋ. ಸಂತತಿ ಹೀಗೆ ಕರಗುತ್ತಿರುವಾಗ ಒಂದೊಂದು ಗೂಡೂ ಚಿನ್ನ. ಸಾಮಾನ್ಯವಾಗಿ ಮೊಟ್ಟೆಗಳನ್ನು ಇಟ್ಟ ಕೂಡಲೇ ತೆಗೆದು, ಬೇಲಿಯೊಳಗೆ ಹೂತು ಕಾಯುತ್ತಾರೆ. ತಡವಾಗಿ ಕಣ್ಣಿಗೆ ಬಿದ್ದ ಗೂಡನ್ನು ಮಾತ್ರ ಅಲುಗಿಸುವಂತಿಲ್ಲ, ಒಳಗಿನ ಜೀವ ಸತ್ತುಹೋಗುತ್ತದೆ. ಆ ವರ್ಷ ಅಂಥ ಗೂಡು ಎರಡಿದ್ದವು. ಒಂದನ್ನು ನಾಯಿಗಳು ಬಗೆದು ತಿಂದವು. ಸಿಪ್ಪೆ ಆಯ್ದ ದಿನ ಮಂಗಳ ಅನ್ನ ಮುಟ್ಟಿರಲಿಲ್ಲ. ಇನ್ನೊಂದರಲ್ಲಿ ಮರಿ ಮೇಲೆ ಬರುವ ಕಾಲ ಹತ್ತಿರವಾಗಿತ್ತು, ಅವಳ ಜೀವವೆಲ್ಲ ಅದರಲ್ಲೇ.

ಒಂದು ಬೆಳಗಿನ ಜಾವ ದಂಡೆಯ ಆ ತುದಿಯಲ್ಲಿ ಆಮೆಯೊಂದು ಮೊಟ್ಟೆಯಿಟ್ಟಿದೆ ಎಂದು ಸುದ್ದಿ ಬಂತು. ನಾಯಿಗಳಿಗಿಂತ ಮೊದಲು ಗಂಡ ಹೆಂಡತಿ ಅಲ್ಲಿಗೆ ಓಡಬೇಕು. ಮಂಗಳ ಅವ್ವನನ್ನು ಗೂಡಿನ ಪಕ್ಕ ಕೂರಿಸಿ, "ನಾಯಿ ನೋಡ್ಕ. ಟಾರ್ಚ್ ಮಾತ್ರ ಆಕ್ಬ್ಯಾಡ" ಎಂದು ಹೇಳಿ ಹೋದಳು.

"ಆನೆ ಕಾದೋಳಿಗೆ ನಾಯಿ ಕಾಯೋದ ಯೇಳ್ಕೊಡ್ತಾಳೆ!"

ನಾಯಿಗಳು ಬಂದವು. ಪುಟ್ಟನಂಜಮ್ಮ ಬಾಯಿ ತೆಗೆದಳು. ಸಲಗವನ್ನೇ ನಡುಗಿಸಿದ ಬೈಗುಳ! ಆದರೆ ತಮಿಳು ಕರಾವಳಿಯ ನಾಯಿಗಳು ಕನ್ನಡ ಕೇಳಿ ಬೆಳೆದವಲ್ಲ, ಬಾಲ ಅಲ್ಲಾಡಿಸಿದವು. ತಮಿಳಿನಲ್ಲಿ ಬೈದಳು. ಮುಂದಿನದನ್ನು ಕೇಳೋಣವೆಂದು ಹತ್ತಿರ ಬಂದು ಕೂತವು. ಆಗ ನಮ್ಮ ವೀರಮಾತೆ ಬೆಟ್ಟದ ಹೊಲ ಕಾಯುವವರೆಲ್ಲ ಕೊನೆಗೆ ಮಾಡುವುದನ್ನೇ ಮಾಡಿದಳು. ಗೂಡಿನ ಹಿಂದೆ ತೆಂಗಿನ ಗರಿ ಒಟ್ಟಿ ಬೆಂಕಿ ಹಾಕಿದಳು. ನಾಯಿಗಳು ಕಂಬಿ ಕಿತ್ತವು.

ಅದೇ ಹೊತ್ತಿಗೆ ಮರಳು ಕದಲಿತು. ಬೆಂಕಿಪೊಟ್ಟಣದಷ್ಟು ದೊಡ್ಡ ಮರಿಗಳು ಬುಳುಬುಳು ಮೇಲೆದ್ದು, ಸಮುದ್ರಕ್ಕೆ ಬೆನ್ನು ತೋರಿಸಿ ನೇರ ಬೆಂಕಿಯ ಕಡೆಗೆ ಹೊರಟವು. ಬೆಳಕು ಕಂಡತ್ತ ನಡೆಯುವುದು ಅವುಗಳ ಹುಟ್ಟುಗುಣ. ಕಡಲ ಮೇಲಿನ ಮಂದ ಬೆಳಕೇ ದಾರಿ ತೋರಿಸಬೇಕಾದ ಕಡೆ ಈ ಮಹಾತಾಯಿ ಹೋಮ ಮಾಡಿ ಕೂತಿದ್ದಳು.

ಮೊಟ್ಟೆಯ ಬುಟ್ಟಿ ಹೊತ್ತು ಮರಳುತ್ತಿದ್ದ ಮಂಗಳ ದೂರದಿಂದ ಉರಿ ಕಂಡಳು. ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು ಓಡಿದಳು.

"ಅವ್ವಾ! ಬೆಂಕಿ ಆರ್ಸೂ!"

ಪುಟ್ಟನಂಜಮ್ಮನಿಗೆ ಆಗಲೇ ಅರ್ಥವಾಗಿತ್ತು. "ಇತ್ತ ಯಾಕ್ರಲಾ ಬಂದೀರಿ, ಸುಟ್ಟೋಯ್ತೀರಿ!" ಎನ್ನುತ್ತ ಹೊದ್ದ ಕಂಬಳಿಯನ್ನು ಅಲೆಯಲ್ಲಿ ಅದ್ದಿ ತಂದು ಉರಿಯ ಮೇಲೆ ಕೆಡವಿದಳು. ಬೆಂಕಿ ಸತ್ತಿತು. ಆದರೆ ಅದರ ಹಿಂದೆ ರಸ್ತೆಯ ದೀಪಗಳು ಇದ್ದವಲ್ಲ, ಮರಿಗಳು ಈಗ ಅತ್ತ ತಿರುಗಿದವು. ಮಂಗಳ ಇನ್ನೂ ದೂರದಲ್ಲಿದ್ದಳು.

ಆಗ ಕಂಡದ್ದನ್ನು ಇವತ್ತಿಗೂ ಹೇಳುವಾಗ ಅವಳ ದನಿ ಏರುತ್ತದೆ. ಅವ್ವ ಕಡಲಿಗೆ ಮುಖ ಮಾಡಿ ನಿಂತು, ಕಂಬಳಿಯನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದಳು. ರಸ್ತೆಯ ದೀಪಗಳೆಲ್ಲ ಅದರ ಹಿಂದೆ ಮುಚ್ಚಿಹೋದವು. ನಮ್ಮ ತಾಳವಾಡಿಯ ಬೆಟ್ಟವೇ ನಡೆದು ಬಂದು ದಂಡೆಯ ಮೇಲೆ ನಿಂತಂತಿತ್ತು. ಮರಿಗಳು ತಡೆದವು. ಒಂದು ತಿರುಗಿತು, ಅದರ ಹಿಂದೆ ಇನ್ನೊಂದು. ಆಮೇಲೆ ಇಡೀ ದಂಡು ಬೆಳ್ಳಗಾಗುತ್ತಿದ್ದ ನೀರಿನತ್ತ ಹರಿಯಿತು. ಮಂಗಳ ಬೂದಿಯ ಸುತ್ತ ಕೈಯಾಡಿಸಿ ಹುಡುಕಿದಳು. ಒಂದು ಮರಿಯೂ ಹಿಂದೆ ಉಳಿದಿರಲಿಲ್ಲ. ಅವಳು ಅಲ್ಲೇ ಕುಸಿದು ಕೂತು, ನಗುತ್ತ ಅತ್ತಳು.

"ಬೆಳಕು ಬ್ಯಾಡ ಅಂದಿರ್ನಿಲ್ವಾ ಅವ್ವ?"

"ಟಾರ್ಚ್ ಅಂದೆ. ಬೆಂಕಿ ಅಂದ್ಯಾ?"

ಈ ಕಥೆ ದಿಂಬಂ ಘಟ್ಟದ ತಿರುವುಗಳನ್ನು ಹತ್ತಿ ಬರುವಷ್ಟರಲ್ಲಿ ಸಾಕಷ್ಟು ಮೈ ತುಂಬಿಕೊಂಡಿತ್ತು. ಕಡಲೇ ಹಿಂದೆ ಸರಿಯಿತೆಂದು ಊರಿನ ಸಿದ್ದಮಲ್ಲಪ್ಪ ಪಂಥ ಕಟ್ಟಿದ. ಮಳೆಗಾಲದಲ್ಲಿ ಮಂಗಳ ತವರಿಗೆ ಬಂದಾಗ ಜೀರಹಳ್ಳಿಯ ಶಾಲೆಯಲ್ಲಿ ಅವ್ವ ಮಗಳಿಬ್ಬರಿಗೂ ಸನ್ಮಾನ. ಎತ್ತರದ ಕತ್ತಲು ಕಂಡರೆ ಮರಿಗಳು ಅದನ್ನು ಬಿಟ್ಟು ತಗ್ಗಿನ ಬೆಳಕಿನತ್ತ ಹೋಗುತ್ತವೆ, ಅವ್ವ ಆ ಕತ್ತಲನ್ನೇ ಎತ್ತಿ ಹಿಡಿದಳು ಎಂದು ಮಂಗಳ ವಿವರಿಸಿದಳು. ಬೆಟ್ಟದವರು ಕಡಲಿಗೇ ದಾರಿ ತೋರಿಸಿದರಲ್ಲ ಎಂದು ಊರಿಗೂರೇ ಎದೆ ಸೆಟೆಸಿ ಕೂತಿತ್ತು.

ಮೇಷ್ಟ್ರು ಗುರುಮೂರ್ತಿ ಶಾಲು ಹೊದಿಸಿ ಕೇಳಿದರು: "ಪುಟ್ಟನಂಜವ್ವ, ಆ ಗಳಿಗೇಲಿ ಕಂಬಳಿ ಎತ್ತಿ ಹಿಡಿಬೇಕು ಅಂತ ನಿನಗೆ ಹೊಳೆದದ್ದಾದರೂ ಹೇಗೆ?"

ಪುಟ್ಟನಂಜಮ್ಮ ಮಗಳ ಮುಖ ನೋಡಿದಳು. ಮೇಷ್ಟ್ರ ಮುಖ ನೋಡಿದಳು.

"ಒಸ ಕಂಬ್ಳಿ ಸಾಮಿ. ಬೆಂಕಿಗೆ ತೂತುಗೀತು ಬಿದ್ದದಾ ಅಂತ ಬೆಳಕಿಗಿಡ್ದು ನೋಡ್ತಿದ್ದೆ."