ಅಟ್ಟದ ಕೊಬ್ಬರಿ ಮತ್ತು ಒಂದೂವರೆ ಗಂಟೆಯ ದಾರಿ

ಮೈಸೂರಿನಿಂದ ಹೈದರಾಬಾದಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ಕಿಲೋಮೀಟರ್ ಹೇಳುತ್ತಿರಲಿಲ್ಲ, ಒಂದೂವರೆ ಗಂಟೆ ಎನ್ನುತ್ತಿದ್ದೆ. ಅದುವರೆಗೆ ನಾನು ವಿಮಾನ ಹತ್ತಿದವನೇ ಅಲ್ಲ; ಹಾರಾಟದ ಹೊತ್ತನ್ನು ಫೋನಿನಲ್ಲಿ ನೋಡಿಕೊಂಡು ಹೂಟಗಳ್ಳಿಯ ಕಾರ್ಖಾನೆಯಲ್ಲಿ ಎಲ್ಲರಿಗೂ ಜಂಬ ಕೊಚ್ಚುತ್ತಿದ್ದೆ.

ತಂಗಿಯನ್ನು ಹೈದರಾಬಾದಿನಲ್ಲಿ ನೆಲೆಸಿದ್ದ ನಮ್ಮ ಕಡೆಯವರ ಮನೆಗೇ ಕೊಟ್ಟಿದ್ದೆವು. ಅವಳ ಸೀಮಂತದ ದಿನ ಗೊತ್ತಾದಾಗ ಅವ್ವ ಹಿಂದಿನ ದಿನವೇ ರೈಲು ಹತ್ತೋಣ ಎಂದಳು. ನಾನು ಕೇಳಲಿಲ್ಲ. ಅಂದೇ ಹೊರಟು ಅಂದೇ ಮುಟ್ಟಿದರೆ ಬೀಗರ ಮುಂದೆ ತವರಿನ ಮಾನ ಹೆಚ್ಚುತ್ತದೆ ಎಂದುಕೊಂಡಿದ್ದೆ.

ತವರಿನವರು ಮಡಿಲಕ್ಕಿ ತುಂಬದಿದ್ದರೆ ನಮ್ಮಲ್ಲಿ ಸೀಮಂತವಾಗುವುದಿಲ್ಲ. ಅಕ್ಕಿ, ಬೆಲ್ಲ, ಅರಿಸಿನದ ಕೊಂಬು, ರವಿಕೆ ಕಣದ ಜೊತೆ ಅವ್ವ ಐದು ಕೊಬ್ಬರಿ ಗಿಟುಕು ಕಟ್ಟಿದಳು. ಬೋಗಾದಿಯ ನಮ್ಮ ಹೊಲವೆಲ್ಲ ಸೈಟುಗಳಾದ ಮೇಲೆ ಉಳಿದದ್ದು ಹಿತ್ತಲಿನ ಒಂದೇ ತೆಂಗಿನಮರ. ತಂಗಿ ಮದುವೆಯಾಗಿ ಹೋದಾಗಲೇ ಅದರ ಕಾಯಿಗಳನ್ನು ಅವ್ವ ಇದಕ್ಕೆಂದೇ ಅಟ್ಟದಲ್ಲಿ ಒಣಗಲು ಬಿಟ್ಟಿದ್ದಳು.

"ಕೊಬ್ಬರಿ ತಗಂಡೋಗಕ್ ಬುಟ್ಟಾರಾ? ಒಸಿ ಕೇಳ್ನೋಡು" ಎಂದು ಎರಡು ಸಲ ಹೇಳಿದಳು. ಕೊಬ್ಬರೀನ ಯಾರು ನೋಡುತ್ತಾರೆ ಎಂದು ನಕ್ಕುಬಿಟ್ಟೆ. ಟಿಕೆಟ್ಟಿನ ಜೊತೆ ಬಂದಿದ್ದ ನಿಯಮಗಳನ್ನು ತೆರೆದೂ ನೋಡಲಿಲ್ಲ.

ವಿಮಾನ ನಿಲ್ದಾಣದ ತಪಾಸಣೆಯವರು ಗಂಟು ಬಿಚ್ಚಿಸಿದರು. ಒಣಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿಯ ಭಯ, ಬಿಡುವ ಹಾಗಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿದರು. ಅವ್ವ ನನ್ನ ಮುಖ ನೋಡಿದಳು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಗೊಣಗಿದರು. ಆಗ ನನ್ನ ಬಾಯಿಂದ ಬಂದದ್ದು ಇದು: "ಅವ್ರಿಗೇನ್ ಗೊತ್ತಾಗುತ್ತೆ ಸಾರ್, ಹಳ್ಳಿಯವ್ರು."

ಅವ್ವ ಒಂದೊಂದೇ ಗಿಟುಕನ್ನು ಸೆರಗಿನಿಂದ ಒರೆಸಿ ಅಲ್ಲಿದ್ದ ತೊಟ್ಟಿಗೆ ಹಾಕಿದಳು. ಕಸಕ್ಕೆ ಹೋಗುವ ವಸ್ತುವನ್ನು ಒರೆಸುವುದೇಕೆ ಎಂದು ನನಗೆ ಸಿಟ್ಟೂ ಬಂತು. ನೆನೆಸಿಕೊಂಡರೆ ಈಗಲೂ ನಾಲಗೆ ಕಚ್ಚಿಕೊಳ್ಳುತ್ತೇನೆ.

ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ಅಷ್ಟೂ ಹೊತ್ತು ಅವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಅಷ್ಟು ಉದ್ದದ ಒಂದೂವರೆ ಗಂಟೆಯನ್ನು ನಾನು ಇನ್ನೆಂದೂ ಕಳೆದಿಲ್ಲ.

ಸಂಜೆ ಮಡಿಲು ತುಂಬುವಾಗ ತಂಗಿಯ ಅತ್ತೆ ತಟ್ಟೆಯಲ್ಲಿ ಕೈಯಾಡಿಸಿ ಕೊಬ್ಬರಿ ಎಲ್ಲಿ ಎಂದು ಕೇಳಿದರು. ನಮ್ಮ ಮರದ ಕೊಬ್ಬರಿ ಬರುತ್ತದೆಂದು ತಂಗಿ ಮನೆಯವರಿಗೆಲ್ಲ ಹೇಳಿಕೊಂಡಿದ್ದಳಂತೆ. ಅವಳ ಮುಖ ಸಣ್ಣದಾಯಿತು. ತಪ್ಪು ನನ್ನದು ಎನ್ನಲು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

"ನಾನೇ ಮರ್ತ್‌ಬುಟ್ಟೆ ಕಣಮ್ಮ, ವಯಸ್ಸಾಯ್ತು" ಎಂದಳು ಅವ್ವ.

ಹಳ್ಳಿಯವರು ಹೀಗೇ ಎಂಬಂತೆ ಒಂದಿಬ್ಬರು ನಕ್ಕರು. ಯಾರೋ ಅಂಗಡಿಯಿಂದ ಕೊಬ್ಬರಿ ತಂದರು, ಶಾಸ್ತ್ರ ಮುಗಿಯಿತು. ನಾನು ತಲೆ ತಗ್ಗಿಸಿ ಊಟ ಮಾಡಿದೆ.

ಮಾರನೆಯ ದಿನ, ವಾಪಸು ರೈಲಿನಲ್ಲೇ ಹೋಗೋಣವೇ ಅವ್ವ ಎಂದು ಕೇಳಿದೆ.

"ಯಾಕ್ಲಾ ಮಗ, ಒಂದೂವರೆ ಗಂಟೆ ತಾನೆ" ಎಂದಳು.

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.