ತ್ರಿಕೋನದ ಹಿಂದಿನ ಒಬ್ಬಳು

ಡಿಸೆಂಬರ್ ಮೂವತ್ತೊಂದು, ಸಂಜೆ ನಾಲ್ಕು. ಕೊರಿಯಾದ ದಕ್ಷಿಣದ ಆ ದ್ವೀಪದ ಕಚೇರಿಯಲ್ಲಿ ತಾಕ್ ಯಂಗ್‌ಸಿಮ್ ವರ್ಷದ ಜನಸಂಖ್ಯೆಯ ಪಟ್ಟಿ ಟೈಪು ಮಾಡುತ್ತಿದ್ದಳು. ಹೋದ ವರ್ಷ ಐನೂರ ಹನ್ನೆರಡು ಮಂದಿ ಇದ್ದರು. ಈ ಸಲ ಐನೂರಕ್ಕೆ ಒಬ್ಬರು ಕಡಿಮೆಯಾದರೂ ಆರೋಗ್ಯ ಕೇಂದ್ರಕ್ಕೆ ಬೀಗ. ಅಲ್ಲಿನ ನರ್ಸಮ್ಮ ಹೋದರೆ ಯಂಗ್‌ಸಿಮ್‌ಳ ತಾಯಿಯ ಸಕ್ಕರೆ ಕಾಯಿಲೆಯ ಕಾಲಿಗೆ ದಿನಾ ಪಟ್ಟಿ ಕಟ್ಟುವವರು ಯಾರು? ಮುದುಕಿಯನ್ನು ನಗರದ ಆಸ್ಪತ್ರೆಗೆ ಎರಡು ತಾಸು ದೋಣಿಯಲ್ಲಿ ದಿನವೂ ಹೊತ್ತು ಹೋಗಲಾದೀತೇ?

ಎಂಟು ಹಳ್ಳಿ, ಎಂಟು ಸಾಲು, ಪ್ರತಿ ಸಾಲಿನಲ್ಲಿ ಆ ವರ್ಷದ ಏರಿಳಿತ. ಅಲ್ಲಿನ ಸರ್ಕಾರಿ ಕಾಗದದಲ್ಲಿ ಕಳೆಯುವ ಗೆರೆ ಹಾಕುವುದಿಲ್ಲ, ಇಳಿದ ಸಂಖ್ಯೆಯ ಮುಂದೆ △ ಇಡುತ್ತಾರೆ. ಚಿಹ್ನೆಗಳ ಪಟ್ಟಿ ತೆರೆದು ಒಂದೊಂದೇ ತ್ರಿಕೋನ ಸೇರಿಸಿದಳು. ಸಾಲುಗಳನ್ನೆಲ್ಲ ಆರಿಸಿ ಮೊತ್ತದ ಗುಂಡಿ ಒತ್ತಿದಳು. ಇಪ್ಪತ್ತೇಳು ಏರಿಕೆ, ಒಟ್ಟು ಐನೂರ ಮೂವತ್ತೊಂಬತ್ತು.

“ಗೆದ್ವಿ ಕಣಮ್ಮಾ, ನರ್ಸಮ್ಮಂಗೆ ಫೋನ್ ಮಾಡ್ತೀನಿ,” ಎಂದರು ಮೇಲಧಿಕಾರಿ ಗುಕ್.

ಅವಳಿಗೆ ಸಮಾಧಾನವಾಗಲಿಲ್ಲ. ವರ್ಷವಿಡೀ ಹೆಣ ಸಾಗಿಸಿದ ಊರು ಬೆಳೆಯುವುದೆಂದರೇನು! ಡ್ರಾಯರಿನಿಂದ ಲೆಕ್ಕ ಮಾಡುವ ಹಳೆಯ ಮಣಿಚೌಕಟ್ಟು ತೆಗೆದು ಕೂಡಿದಳು. ಬಂದವರು ಏಳು, ಹೋದವರು ಇಪ್ಪತ್ತು. ಯಂತ್ರಕ್ಕೆ ತ್ರಿಕೋನ ಬರೀ ಚಿತ್ರ, ಕಳೆಯಬೇಕಾದ್ದನ್ನೆಲ್ಲ ಕೂಡಿಸಿಬಿಟ್ಟಿತ್ತು. ನಿಜವಾದ ಲೆಕ್ಕ ನಾನೂರ ತೊಂಬತ್ತೊಂಬತ್ತು.

“ಯಂತ್ರ ಹೇಳಿದ್ದನ್ನೇ ಕಳ್ಸು. ಯಾರು ನೋಡ್ತಾರೆ?” ಎಂದರು ಗುಕ್.

“ಮೇಲಿನೋರು ಮನೆಮನೆ ಎಣಿಸ್ತಾರೆ ಸಾರ್. ಸಿಕ್ಕಿಬಿದ್ರೆ ಕೇಂದ್ರಾನೂ ಹೋಗತ್ತೆ, ಮಾನಾನೂ ಹೋಗತ್ತೆ.”

“ಒಂದೇ ಒಂದು ತಲೆ ಕಣಮ್ಮಾ. ಯಾವ ಪುಣ್ಯಾತ್ಮ ಊರು ಬಿಟ್ಟನೋ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವಳಿಗೆ. ಏಳನೆಯ ಸಾಲಿನ △1 ಅವಳೇ. ಮಲಗುವುದು ತಾಯಿಯ ಮನೆಯಲ್ಲಿ, ದಾಖಲೆಯಲ್ಲಿ ಮಾತ್ರ ನಗರದ ಅಕ್ಕನ ಮನೆ. ಅಲ್ಲಿ ವರ್ಷ ತುಂಬಿದವರಿಗೆ ಹೊಸ ಫ್ಲ್ಯಾಟು ಹಂಚಲು ಎತ್ತುವ ಚೀಟಿಯಲ್ಲಿ ಮೊದಲ ಸರದಿ. ಇನ್ನು ಒಂಬತ್ತೇ ದಿನ ಬಾಕಿಯಿತ್ತು. ಐವತ್ತರ ಹೊಸ್ತಿಲಲ್ಲಿ ನಿಂತವಳಿಗೆ ಸ್ವಂತ ಸೂರಿನ ಆಸೆ ಸಣ್ಣದೇ?

ಗಡಿಯಾರ ಐದೂವರೆ ದಾಟಿತು. ಆರಕ್ಕೆ ಅರ್ಜಿಯ ಕಿಟಕಿ ಮುಚ್ಚುತ್ತಾರೆ, ವರ್ಷದ ಲೆಕ್ಕವೂ ಅಲ್ಲಿಗೆ ಮುಗಿಯುತ್ತದೆ. ವಿಳಾಸ ಬದಲಿಸುವ ಅರ್ಜಿ ತೆಗೆದು, ತಾಯಿಯ ಮನೆಯ ವಿಳಾಸ ತುಂಬಿ ಗುಕ್ ಮುಂದಿಟ್ಟಳು.

ಓದಿದ ಗುಕ್ ತಲೆಯೆತ್ತಿದರು. “ನೀನೇನಾ? ಒಂಬತ್ತು ದಿನ ಕಾದ್ರೆ ಮನೆ ಕಣೇ, ಹುಚ್ಚಿ.”

“ಅಮ್ಮನ ಕಾಲು ಒಂಬತ್ತು ದಿನ ಕಾಯಲ್ಲ. ಮುದ್ರೆ ಹಾಕಿ ಸಾರ್.”

ಆರಕ್ಕೆ ಎಂಟು ನಿಮಿಷವಿರುವಾಗ ಮುದ್ರೆ ಬಿತ್ತು. ಏಳನೆಯ ಸಾಲಿನ △1 ಅಳಿಸಿ ಸೊನ್ನೆ ಬರೆದಳು. ಈ ಸಲ ಮೊತ್ತದ ಗುಂಡಿ ಮುಟ್ಟಲಿಲ್ಲ. ಮಣಿ ಸರಿಸಿ, ಐನೂರು ಎಂದು ತಾನೇ ಟೈಪು ಮಾಡಿ ಕಳಿಸಿದಳು. ಆಮೇಲೆ ಮೇಜಿನ ಗಾಜಿನಡಿ ಇಟ್ಟಿದ್ದ ಫ್ಲ್ಯಾಟಿನ ಬಣ್ಣದ ಚಿತ್ರವನ್ನು ಎಳೆದು ತೆಗೆದಳು. ಅಳು ಬಂತು, ಅತ್ತಳು. ಗುಕ್ ಅರ್ಜಿಯ ಕಿಟಕಿ ಮುಚ್ಚಿದರು.